ತಲೆದಿಂಬಿನ ಬಳಿಯ ಇಪ್ಪತ್ತನಾಲ್ಕು ವೋಲ್ಟ್

ನಮ್ಮ ಮನೆಯವರಿಗೆ ಮಾತು ಕಡಿಮೆ, ಮೀಟರಿನ ಹುಚ್ಚು ಜಾಸ್ತಿ. ಊಟಕ್ಕೆ ಎಷ್ಟು ಕೂಗಿದರೂ ಅಲ್ಲಾಡದ ಮನುಷ್ಯ, ಕೆಟ್ಟ ಪವರ್ ಸಪ್ಲೈ ಬಂದಿದೆ ಎಂದರೆ ಚಪ್ಪಲಿ ಹುಡುಕುವಷ್ಟೂ ತಾಳುವುದಿಲ್ಲ. ಕನ್ನಡಕದ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಎರಡನೆಯ ಗಿರಾಕಿ ಬಂದರೆ ಮೊದಲನೆಯವನು ರಸ್ತೆಗಿಳಿಯಬೇಕಾದಷ್ಟು ಜಾಗದಲ್ಲಿ ಅವರ ರಿಪೇರಿ ಅಂಗಡಿ. ಟಿ.ವಿ.ಯೋ ಕಂಪ್ಯೂಟರೋ ತೂಕದ ಯಂತ್ರವೋ, ಯಾವುದರದೇ ಆಗಲಿ, ಅದಕ್ಕೆ ಕರೆಂಟು ಹದಮಾಡಿ ಕೊಡುವ ಡಬ್ಬಿಯನ್ನು ಮಾತ್ರ ಮುಟ್ಟುತ್ತಾರೆ. ಹೊಟ್ಟೆಗೆ ಹಾಕುವುದಷ್ಟೇ ತನ್ನ ಕೆಲಸ, ಬುದ್ಧಿ ಕೆಟ್ಟಿದ್ದರೆ ಬೇರೆ ಕಡೆ ಹೋಗಿ ಎಂದು ಗಿರಾಕಿಗಳಿಗೆ ಹೇಳುತ್ತಾರೆ. ವ್ಯಾಪಾರ ಮಾಡುವವರು ಆಡುವ ಮಾತೇ ಅದು?

ಮದುವೆಯಾದ ಹೊಸದರಲ್ಲಿ, ಆ ಡಬ್ಬಿ ಏನು ಮಾಡುತ್ತದೆ ಎಂದು ಕೇಳಿ ಸಿಕ್ಕಿಹಾಕಿಕೊಂಡಿದ್ದೆ. ಅವರ ಪಾಠ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಸೀದುಹೋಗಿತ್ತು. ನನ್ನ ತಲೆಗೆ ಹೋದದ್ದು ಇಷ್ಟು. ಒಳಗಿನ ಸ್ವಿಚ್ಚೊಂದು ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಆನ್ ಆಗಿ ಆಫ್ ಆಗುತ್ತದೆ. ಆನ್ ಇರುವ ಹೊತ್ತು ಹೆಚ್ಚಾದರೆ ವೋಲ್ಟೇಜ್ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ತಾನು ಕೊಟ್ಟದ್ದು ಎಷ್ಟಾಯಿತೆಂದು ಡಬ್ಬಿ ಒಂದು ಸಣ್ಣ ತಂತಿಯ ಮೂಲಕ ಸದಾ ನೋಡಿಕೊಳ್ಳುತ್ತಿರುತ್ತದೆ. ನಾವು ರುಚಿ ನೋಡಿ ನೋಡಿ ಉಪ್ಪು ಹಾಕುತ್ತೇವಲ್ಲ, ಹಾಗೆ.

ಈ ವಿದ್ಯೆ ಒಂದು ದಿನ ನಮ್ಮ ಮನೆಯೊಳಗೇ ಬೇಕಾಯಿತು. ಅತ್ತೆಯ ಶ್ವಾಸಕೋಶ ಸೋತುಹೋಗಿತ್ತು. ಮಲಗಿದಾಗಲೆಲ್ಲ ಮುಖಕ್ಕೆ ಮಾಸ್ಕ್ ಕಟ್ಟಿ, ಗಾಳಿ ಒತ್ತುವ ಯಂತ್ರ ಹಚ್ಚಬೇಕು. ಅದು ನಿಂತರೆ ಅವರ ಉಸಿರೂ ಎಡವುತ್ತದೆ. ಆ ಯಂತ್ರದ ಜೊತೆಗೆ ಬಂದ ಪವರ್ ಡಬ್ಬಿ ಸುಟ್ಟುಹೋಯಿತು. ಕೇಳಿದರೆ, ಕಂಪನಿಯವರು ಆ ಮಾದರಿ ಮಾಡುವುದನ್ನೇ ಬಿಟ್ಟಿದ್ದಾರಂತೆ. ಹೊಸ ಯಂತ್ರ ನಮ್ಮ ಕೈಗೆಟುಕುವಂಥದ್ದಲ್ಲ. ಇವರು ಅಂಗಡಿಯಲ್ಲಿದ್ದ ಬೇರೊಂದು ಡಬ್ಬಿಯನ್ನು ಬಿಚ್ಚಿ, ಇಪ್ಪತ್ತನಾಲ್ಕು ವೋಲ್ಟಿಗೆ ಹೊಂದಿಸಿ ತಂದು ಹಚ್ಚಿದರು. ಯಂತ್ರ ಉಸಿರಾಡಿತು, ಅತ್ತೆ ಉಸಿರಾಡಿದರು, ನಮಗೂ ಹೋದ ಜೀವ ಬಂದಂತಾಯಿತು.

ಆದರೆ ಆ ಡಬ್ಬಿಯ ಫ್ಯಾನಿನ ಸದ್ದಿಗೆ ಅತ್ತೆಗೆ ನಿದ್ದೆ ಹತ್ತಲಿಲ್ಲ. ಕಿವಿಯಲ್ಲಿ ದುಂಬಿ ಹೊಕ್ಕ ಹಾಗಾಗುತ್ತದೆ ಎಂದರು. ಸರಿ, ಡಬ್ಬಿ ನಡುಮನೆಗೆ ಹೋಯಿತು. ಗೋಡೆಗೆ ತೂತು ಕೊರೆದು, ಮಂಚದವರೆಗೆ ಉದ್ದನೆಯ ವೈರು ಎಳೆದರು. ಅಲ್ಲಿಂದ ಶುರುವಾಯಿತು ಗ್ರಹಚಾರ. ಅತ್ತೆಗೆ ಏದುಸಿರು ಬಂದು ಯಂತ್ರ ಜೋರಾಗಿ ಗಾಳಿ ಒತ್ತಬೇಕಾದಾಗಲೇ ಅದು ಕೀ ಕೀ ಎಂದು ನಿಂತುಬಿಡುತ್ತಿತ್ತು. ಡಬ್ಬಿಯ ಬಾಯಿಗೆ ಮೀಟರ್ ಹಿಡಿದರೆ ಸರಿಯಾಗಿ ಇಪ್ಪತ್ತನಾಲ್ಕು. ಇವರು ಯಂತ್ರವನ್ನು ಬೈದರು, ವೈರನ್ನು ಬೈದರು, ನಡುವೆ ಮಾತಾಡಿದ ನನ್ನನ್ನೂ ಬೈದರು. ಕೊನೆಗೊಮ್ಮೆ ತಲೆದಿಂಬಿನ ಹತ್ತಿರ ಅಳೆದು ನೋಡಿ ಹಣೆ ಚಚ್ಚಿಕೊಂಡರು. ಯಂತ್ರ ಹೆಚ್ಚು ಕರೆಂಟು ಎಳೆದಾಗ ವೈರೇ ದಾರಿಯಲ್ಲಿ ಒಂದಿಷ್ಟು ವೋಲ್ಟೇಜನ್ನು ನುಂಗಿಹಾಕುತ್ತಿತ್ತು. ಡಬ್ಬಿ ನೋಡುತ್ತಿದ್ದದ್ದು ತನ್ನ ಬಾಯಿಯನ್ನು, ಅಮ್ಮನ ಮಂಚವನ್ನಲ್ಲ.

ಹಾಗಾಗಿ, ವೋಲ್ಟೇಜ್ ನೋಡುವ ಸಣ್ಣ ತಂತಿಯ ಜೋಡಿಯನ್ನು ಮಂಚದವರೆಗೆ ಎಳೆದು, ಯಂತ್ರದ ಹತ್ತಿರವೇ ಸಿಕ್ಕಿಸಿದರು. ಈಗ ತಲೆದಿಂಬಿನ ಬಳಿ ಇಪ್ಪತ್ತನಾಲ್ಕು ಇರುವಂತೆ ಡಬ್ಬಿ ತನ್ನ ಕಡೆ ಸ್ವಲ್ಪ ಹೆಚ್ಚೇ ಕೊಡಬೇಕು. ಕೊಟ್ಟಿತು. ಆದರೆ ವೋಲ್ಟೇಜ್ ಮಿತಿ ಮೀರಿದರೆ ಎಲ್ಲವನ್ನೂ ಆಫ್ ಮಾಡುವ ಕಾವಲು ಅದರೊಳಗೇ ಇತ್ತು. ಈ ಹೆಚ್ಚುವರಿ ಕಂಡು ಅದು ಪದೇ ಪದೇ ಬೆದರಿ ಡಬ್ಬಿಯನ್ನು ನಿಲ್ಲಿಸತೊಡಗಿತು. ಅಮ್ಮ ಒದ್ದಾಡುವುದನ್ನು ನೋಡಲಾರದೆ ಇವರು ಆ ಕಾವಲನ್ನೇ ಕತ್ತರಿಸಿ ಹಾಕಿದರು. ಮಿತಿ ಏರಿಸಲು ಬೇಕಾದ ಬಿಡಿಭಾಗ ತರಿಸಿದ ಮೇಲೆ ಅದನ್ನು ಮತ್ತೆ ಕೂರಿಸುವುದು ಎಂದಾಯಿತು. ಬೇರೆಯವರ ಡಬ್ಬಿಯಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಕಾವಲಿಲ್ಲದ ಡಬ್ಬಿ ಇವರ ಅಂಗಡಿಯ ಹೊಸ್ತಿಲು ದಾಟಿದ್ದೇ ಇಲ್ಲ.

ಜೊತೆಗೆ, ಯಂತ್ರ ಕೀ ಎಂದರೆ ನಮ್ಮ ಕೋಣೆಯಲ್ಲಿ ಬಾರಿಸುವಂತೆ ಒಂದು ಬೆಲ್ಲನ್ನೂ ಜೋಡಿಸಿದರು. ಅದಕ್ಕೂ, ವೋಲ್ಟೇಜ್ ನೋಡುವ ತಂತಿಗೆ ಬಳಸಿದ ಸುರುಳಿಯಿಂದಲೇ ಕತ್ತರಿಸಿದ ಅದೇ ಬಿಳಿ ತಂತಿ. ಮಾಸ್ಕ್ ಒಂಚೂರು ಜರುಗಿದರೂ ಬೆಲ್ಲು, ಬೆಲ್ಲಾದರೆ ಇವರು ಓಟ. ಕಣ್ಣು ಗುಳಿಬಿದ್ದವು. ಅಂಗಡಿಯಲ್ಲಿ ಕೂತಲ್ಲೇ ತೂಕಡಿಸುತ್ತಾರೆ ಎಂದು ಕನ್ನಡಕದವನು ನನಗೆ ದೂರು ಹೇಳಿದ. ಮಗ ಸೊರಗುತ್ತಿರುವುದನ್ನು ಅತ್ತೆ ಸುಮ್ಮನೆ ನೋಡುತ್ತಿದ್ದರು.

ಅಂದು ಮಧ್ಯಾಹ್ನ ಇವರು ಉಂಡು ಮಲಗಿದ್ದರು. ಅತ್ತೆಯೂ ಮಲಗಿದ್ದರು. ಬಟ್ಟೆ ಒಣಹಾಕಿ ಒಳಗೆ ಬಂದರೆ ಸುಟ್ಟ ವಾಸನೆ. ಓಡಿ ಹೋಗಿ ನೋಡಿದೆ. ಯಂತ್ರ ಸದ್ದಿಲ್ಲದೆ ಕೂತಿತ್ತು. ಅತ್ತೆ ಮಾಸ್ಕ್ ಕಿತ್ತೊಗೆದು, ಮಂಚದ ಅಂಚು ಹಿಡಿದು, ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದರು. ಯಂತ್ರವೇ ಸತ್ತ ಮೇಲೆ ಬೆಲ್ಲು ಬಾರಿಸುವವರು ಯಾರು?

ನನ್ನ ಕೂಗಿಗೆ ಇವರು ಬಂದರು. ಮಂಚದ ಕೆಳಗೆ ಬಿಳಿ ತಂತಿಯ ಎರಡು ತುದಿಗಳು ಬಿದ್ದಿದ್ದವು. ಅವನ್ನು ಎತ್ತಿ ನೋಡಿದವರ ಮುಖದಲ್ಲಿ ರಕ್ತವೇ ಇರಲಿಲ್ಲ. ವೋಲ್ಟೇಜ್ ನೋಡುವ ಆ ತಂತಿ ಕಿತ್ತರೆ ಡಬ್ಬಿಗೆ ಅಲ್ಲಿ ವೋಲ್ಟೇಜೇ ಇಲ್ಲವೆಂದು ತೋರುತ್ತದೆ. ಸಾಲದು ಸಾಲದು ಎಂದು ಏರಿಸುತ್ತಲೇ ಹೋಗುತ್ತದೆ. ತಡೆಯುವ ಕಾವಲು ಇರಲಿಲ್ಲ, ಯಂತ್ರ ಸುಟ್ಟಿತ್ತು. ಇವರು ಅಮ್ಮನನ್ನು ಎತ್ತಿಕೊಂಡು ರಸ್ತೆಗೆ ಓಡಿದರು.

ಆಸ್ಪತ್ರೆಯ ದೊಡ್ಡ ಯಂತ್ರ ಅತ್ತೆಗೆ ಉಸಿರು ಕೊಟ್ಟಿತು, ಶಕ್ತಿ ಕೊಡಲಿಲ್ಲ. ಇನ್ನು ಮನೆಗೆ ಹೋಗುವ ಮಾತಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಇವರು ಮಂಚದ ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದರು. ಬಿಚ್ಚುವುದಕ್ಕೆ ಏನೂ ಇಲ್ಲ, ಅಳೆಯುವುದಕ್ಕೆ ಏನೂ ಇಲ್ಲ. ಅಷ್ಟು ಅಸಹಾಯಕವಾದ ಕೈಗಳನ್ನು ನಾನು ಕಂಡಿಲ್ಲ.

ಒಂದು ಸಂಜೆ ಅತ್ತೆ ಮಾಸ್ಕ್ ಸರಿಸಿ, ತಡೆತಡೆದು ಮಾತಾಡಿದರು.

"ಅವತ್ತು ಆ ಬೆಲ್ಲಿನ ತಂತಿ ನಾನೇ ಕಿತ್ತೆ ಕಣೋ. ಸ್ವಲ್ಪ ಹೊತ್ತಾದ್ರೂ ಮಗ ಮಲಗ್ಲಿ ಅಂತ. ಆ ಹಾಳು ಯಂತ್ರ ಅದೇ ಹೊತ್ತಿಗೆ ಕೆಡಬೇಕಾ?"

ಕಿತ್ತದ್ದು ಬೆಲ್ಲಿನ ತಂತಿಯಲ್ಲ ಎಂದು ಇವರು ಬಾಯಿ ತಪ್ಪಿ ಅಂದುಬಿಟ್ಟರೆ ಎಂದು ತೋಳು ಹಿಡಿದುಕೊಂಡೆ.

"ನಿದ್ದೆ ಬಂತಾ?" ಎಂದರು ಅತ್ತೆ.

"ಬಂತಮ್ಮ. ಚೆನ್ನಾಗಿ ಬಂತು."

ಅಷ್ಟು ಸಾಕಾಯಿತು ಅವರಿಗೆ. ಮಗನ ಕೈ ಸವರಿ, ತಾವೇ ಮಾಸ್ಕ್ ಎಳೆದುಕೊಂಡರು. ಮರುದಿನ ಹೋದರು. ಆಮೇಲೆ ಇವರು ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿಲ್ಲ.