ಮಂಡಿ ಮೇಷ್ಟ್ರು

ಕೃತಕ ಮಂಡಿಗಳನ್ನು ವಿನ್ಯಾಸ ಮಾಡುವ ಈ ಎಂಜಿನಿಯರನ್ನು ಕಾರ್ಖಾನೆಯಲ್ಲಿ ಎಲ್ಲರೂ ಮಂಡಿ ಮೇಷ್ಟ್ರು ಎನ್ನುತ್ತಾರೆ. ಅವರು ಮುಖಕ್ಕಿಂತ ಮೊದಲು ನಡಿಗೆ ನೋಡುತ್ತಾರೆ. ಹೆಂಡತಿಯ ಹೊಸ ಕನ್ನಡಕ ಅವರ ಕಣ್ಣಿಗೆ ಬೀಳಲು ಒಂದು ತಿಂಗಳು ಹಿಡಿಯಿತು. ಪರೀಕ್ಷೆಯ ಕೋಣೆಯಲ್ಲಿ ಯಂತ್ರವೊಂದು ಲೋಹದ ಮಂಡಿಯನ್ನು ಎಡೆಬಿಡದೆ ಮಡಚಿ ಬಿಡಿಸುತ್ತಿದ್ದರೆ, ಅದರ ಮುಂದೆ ಕೂತೇ ಬುತ್ತಿ ಬಿಚ್ಚುತ್ತಾರೆ. ಅವಸರ ಮಾಡುವ ಹೊಸಬರಿಗೆ ಅವರದು ಒಂದೇ ಮಾತು: “ಇನ್ನೊಂದು ಹತ್ತು ಲಕ್ಷ ಸಲ ಮಡಚಲಿ, ಆಮೇಲೆ ಮಾತಾಡೋಣ.” ಈ ಹಟ ಮೊದಲಿನಿಂದ ಇದ್ದದ್ದಲ್ಲ. ಆರು ವರ್ಷಗಳ ಹಿಂದೆ, ತಾವೇ ವಿನ್ಯಾಸ ಮಾಡಿದ ಮಂಡಿಯೊಂದರಲ್ಲಿ ಎರಡು ಲೋಹದ ತುಂಡುಗಳ ನಡುವೆ ಜಾರುವ ಪ್ಲಾಸ್ಟಿಕ್ ಬಿಲ್ಲೆ ಬೇಗ ಸವೆಯುತ್ತಿದೆ ಎಂದು ಗೊತ್ತಿದ್ದೂ, ಮೇಲಧಿಕಾರಿಗೆ ಹೆದರಿ ‘ಸರಿಯಿದೆ’ ಎಂದು ಸಹಿ ಹಾಕಿದ್ದರು. ತಮ್ಮನೇ ಮಾಡಿದ್ದೆಂಬ ಹೆಮ್ಮೆಗೆ ಅವರ ಅಕ್ಕ ಆಸ್ಪತ್ರೆಯಲ್ಲಿ ಆ ಮಂಡಿಯನ್ನೇ ಕೇಳಿ ಹಾಕಿಸಿಕೊಂಡರು. ನಾಲ್ಕೇ ವರ್ಷಕ್ಕೆ ಬಿಲ್ಲೆ ಸವೆಯಿತು. ಎರಡನೆಯ ಸಲ ಮಂಡಿಯ ಆಪರೇಷನ್ ಮಾಡಿಸಿಕೊಂಡ ಮೇಲೂ ಆಕೆ ಗೋಡೆ ಹಿಡಿದೇ ನಡೆಯುತ್ತಾರೆ. ನೋಡಲು ಬಂದವರು ಏನಾಯಿತೆಂದು ಕೇಳಿದರೆ, “ಮಂಡಿ ಚೆನ್ನಾಗೇ ಇತ್ತು ಕಣ್ರೀ, ನನ್ನ ಮೈಭಾರವೇ ಜಾಸ್ತಿ. ಪಾಪ, ಅವನೇನು ಮಾಡ್ತಾನೆ?” ಎನ್ನುತ್ತಾರೆ. ಪಕ್ಕದಲ್ಲೇ ಕೂತಿರುವ ತಮ್ಮನ ಬಾಯಿಂದ ‘ಹಾಗಲ್ಲ ಅಕ್ಕ’ ಎಂಬ ಮಾತು ಇವತ್ತಿನವರೆಗೂ ಹೊರಟಿಲ್ಲ.