ಅವ್ವ ಕೂಡಿಸಿದ ಗೇರ್ ಬಾಕ್ಸು

ಹಾಸನದ ಬಸ್ ನಿಲ್ದಾಣದಿಂದ ನಾನು ಮನೆಗೆ ನಡೆದು ಬರುವ ದಾರಿಯಲ್ಲಿ ಒಂದು ಗ್ಯಾರೇಜು ಇದೆ. ಈಗಿನ ಕಾಲದ್ದು. ನೆಲಕ್ಕೆ ಟೈಲ್ಸು, ಕೆಲಸದವರಿಗೆ ಒಂದೇ ಬಣ್ಣದ ಅಂಗಿ, ಕಾರಿಗೆ ವೈರು ಚುಚ್ಚಿ ಕಾಯಿಲೆ ಹೇಳುವ ಪುಟ್ಟದೊಂದು ಯಂತ್ರ. ದಿನವೂ ಅದರ ಮುಂದೆ ಹಾದುಹೋಗುತ್ತೇನೆ, ಏನೂ ಅನ್ನಿಸುವುದಿಲ್ಲ. ಮೊನ್ನೆ ಮಾತ್ರ ಯಾರೋ ಹಳೇ ಜೀಪೊಂದನ್ನು ಅಲ್ಲಿಗೆ ತಂದಿದ್ದರು. ಅದರ ಗೇರ್ ಬಾಕ್ಸು ಕೆಳಗಿಳಿಸಿ ಒಳಗಿನ ಎಣ್ಣೆಯನ್ನು ಡಬ್ಬಕ್ಕೆ ಬಸಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಎಂಜಿನ್ ಆಯಿಲಿನ ವಾಸನೆ ಬೇರೆ, ಗೇರ್ ಆಯಿಲಿನದು ಬೇರೆ. ಎಂಜಿನ್ನಿನದು ಸುಟ್ಟ ವಾಸನೆ. ಗೇರ್ ಬಾಕ್ಸಿನದು ಮಂದವಾದ, ಗಂಧಕ ಬೆರೆತ ಘಾಟು. ಒಮ್ಮೆ ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಎಲ್ಲೋ ಒಂದು ಮಡಿಕೆಯಲ್ಲಿ ಉಳಿದುಕೊಂಡಿರುತ್ತದೆ. ಪಕ್ಕದಲ್ಲಿ ಬರುತ್ತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು ದಾಟಿದರು. ನನಗೆ ಅದು ನಮ್ಮವ್ವನ ಸೆರಗಿನದೇ ವಾಸನೆ. ನಿಮಗೂ ಅಂಥದೊಂದು ಇದ್ದೀತು. ಬೇರೆಯವರಿಗೆ ಬೇಡವಾದ, ನಿಮಗೆ ಮಾತ್ರ ಒಂದು ಇಡೀ ಮನೆಯನ್ನು ಬಾಗಿಲು ಸಮೇತ ತಂದು ಮುಂದೆ ನಿಲ್ಲಿಸುವ ವಾಸನೆ.

ಆ ಮನೆ ಇದ್ದದ್ದು ಹೊಳೆನರಸೀಪುರದಲ್ಲಿ, ಅರಕಲಗೂಡಿಗೆ ಹೋಗುವ ರಸ್ತೆಯ ಪಕ್ಕಕ್ಕೆ. ರಸ್ತೆಗೆ ಮುಖ ಮಾಡಿ ತಗಡಿನ ಶೆಡ್ಡು, ಶೆಡ್ಡಿನ ಬೆನ್ನಿಗೆ ಹೆಂಚಿನ ಮನೆ. ಅಡುಗೆಮನೆಯ ಬಾಗಿಲು ತೆಗೆದರೆ ಎದುರಿಗೇ ಬಾನೆಟ್ ತೆರೆದ ಗಾಡಿಗಳು. ಸಾರಿನ ಒಗ್ಗರಣೆ ಶೆಡ್ಡಿಗೆ ಹೋಗುತ್ತಿತ್ತು, ಶೆಡ್ಡಿನ ಸೀಮೆಎಣ್ಣೆ ವಾಸನೆ ಅಡುಗೆಮನೆಗೆ ಬರುತ್ತಿತ್ತು. ಬಿಸಿಲು ಏರಿದಂತೆ ಮೇಲಿನ ತಗಡು ಟಪ್ ಟಪ್ಪೆಂದು ಸದ್ದು ಮಾಡುತ್ತಿತ್ತು. ಅದು ಮನೆ ಮಾತಾಡುವ ಸದ್ದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅಪ್ಪ ಎಂಜಿನ್ ಕೆಲಸಕ್ಕೆ ಹೆಸರಾದವರು. ಗಾಡಿ ಶೆಡ್ಡಿಗೆ ತಿರುಗುವ ಮೊದಲೇ, ರಸ್ತೆಯಲ್ಲಿ ಅದರ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಕೈ ಚುರುಕು, ಮನಸ್ಸು ಒಳ್ಳೆಯದು, ತಾಳ್ಮೆ ಮಾತ್ರ ಕಡಿಮೆ. ಅವ್ವನ ಹೆಸರು ಚನ್ನಾಜಮ್ಮ. ಗೊರೂರಿನವರು. ಅವರ ಅಪ್ಪ ಅಲ್ಲಿಯ ಅಣೆಕಟ್ಟೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನೀರೆತ್ತುವ ಪಂಪನ್ನೂ ಅದನ್ನು ತಿರುಗಿಸುವ ಮೋಟರನ್ನೂ ಒಂದೇ ನೇರಕ್ಕೆ ಕೂರಿಸುವುದು ಆ ತಾತನ ಕೆಲಸ. ತಮ್ಮ ಅಪ್ಪನಿಗೆ ಬುತ್ತಿ ಕೊಡಲು ಹೋಗುತ್ತಿದ್ದ ಅವ್ವ ಅಲ್ಲಿಯೇ ಕೂತು, ನೋಡಿ ನೋಡಿ, ಕೊನೆಗೆ ತಾತನ ಜೊತೆ ತಾವೂ ಅಳತೆ ಹಿಡಿಯುವಷ್ಟು ಕಲಿತಿದ್ದರು. ಮದುವೆಯಾಗಿ ಬಂದ ಮೇಲೆ ನಮ್ಮ ಶೆಡ್ಡಿನಲ್ಲಿ ಸಾಮಾನು ತೊಳೆದುಕೊಡುವುದು, ಬೇರಿಂಗಿಗೆ ಗ್ರೀಸು ತುಂಬುವುದು ಹೀಗೆ ಶುರು ಮಾಡಿ, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಗೇರ್ ಬಾಕ್ಸನ್ನು ಪೂರಾ ಬಿಚ್ಚಿ ಜೋಡಿಸುತ್ತಿದ್ದರು. ಆದರೆ ಊರಿಗೆ ಅದು ಗೊತ್ತಿರಲಿಲ್ಲ. ಗಿರಾಕಿ ಬಂದರೆ ಅವ್ವ ಕೈ ಒರೆಸಿಕೊಂಡು ಒಳಗೆ ಹೋಗಿ ಕಾಫಿ ಇಡುತ್ತಿದ್ದರು. ಅದು ನಮ್ಮಜ್ಜಿಯ ಕಟ್ಟಪ್ಪಣೆ. ಸೊಸೆ ಗಾಡಿ ಕೆಳಗೆ ಮಲಗುತ್ತಾಳೆಂದು ಜನ ಆಡಿಕೊಳ್ಳಬಾರದು ಎಂಬುದು ಅಜ್ಜಿಯ ಚಿಂತೆ. ಮುದ್ದೆಗೂ ಆಯಿಲು ವಾಸನೆ ಎಂದು ಗೊಣಗುತ್ತಲೇ ಅಜ್ಜಿ ಎರಡು ಮುದ್ದೆ ಉಣ್ಣುತ್ತಿದ್ದರು.

ಅರಕಲಗೂಡಿನ ಜವರಪ್ಪ ಅಪ್ಪನ ಹಳೇ ಗಿರಾಕಿ. ಹಳ್ಳಿಗಳ ಕಡೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ಕಾಯಿಲೆಯಾದರೂ, ಯಾವ ಹೆಣ್ಣಿಗೆ ನೋವು ಕಾಣಿಸಿಕೊಂಡರೂ ಹಾಸನದ ಆಸ್ಪತ್ರೆಗೆ ಹೋಗುತ್ತಿದ್ದದ್ದು ಅವರ ಜೀಪಿನಲ್ಲೇ. ಆ ಜೀಪಿನ ಪೆಟ್ರೋಲ್ ಎಂಜಿನ್ನು ಸವೆದು ಹೋದಾಗ ಅವರು ಎಲ್ಲಿಂದಲೋ ಹಳೇ ಡೀಸೆಲ್ ಎಂಜಿನ್ನೊಂದನ್ನು ತಂದರು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಗಂಟೆಯ ಆಕಾರದ ಒಂದು ಎರಕದ ಕವಚ ಇರುತ್ತದೆ, ಅದಕ್ಕೆ ಬೆಲ್ ಹೌಸಿಂಗ್ ಎನ್ನುತ್ತಾರೆ. ಈ ಜೀಪಿಗೆ ಹಾಕಿದ್ದು ಬೇರೊಂದು ಗಾಡಿಯದು, ಗುಜರಿಯಿಂದ ಬಂದದ್ದು. ಅಪ್ಪ ಇಡೀ ಜೀಪನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಬಣ್ಣ ಬಳಿದು ಹೂವಿನ ಹಾರ ಹಾಕಿ ಕಳಿಸಿದ ದಿನ ಅಪ್ಪನ ಮುಖ ನೋಡಬೇಕಿತ್ತು. ಆದರೆ ಸ್ವಲ್ಪ ದಿನಕ್ಕೇ ಜೀಪು ವಾಪಸು ಬಂತು. ಓಡುವಾಗ ಗೇರು ತಾನಾಗಿ ಕಳಚಿಕೊಳ್ಳುತ್ತದೆ, ಕ್ಲಚ್ಚು ತುಳಿದರೆ ಗಾಡಿಯೆಲ್ಲ ನಡುಗುತ್ತದೆ. ಅಪ್ಪ ಕ್ಲಚ್ ಪ್ಲೇಟು ಬದಲಿಸಿದರು. ಮತ್ತೆ ಬಂತು. ಗೇರ್ ಬಾಕ್ಸಿನ ಶಾಫ್ಟಿನ ಮೂತಿ ಎಂಜಿನ್ನಿನ ಹಿಂಬದಿಯ, ಬಳೆಯಂಥ ಪುಟ್ಟ ಬುಷ್ಷಿನೊಳಗೆ ಕೂರಬೇಕು. ಆ ಬುಷ್ಷು ಒಂದೇ ಮಗ್ಗುಲಿಗೆ ಸವೆದು ಹೋಗಿತ್ತು. ಅಪ್ಪ ಅದನ್ನೂ ಬದಲಿಸಿದರು. ಒಂದೇ ಮಗ್ಗುಲು ಯಾಕೆ ಸವೆದಿದೆ ಎಂದು ಅವ್ವ ಒಮ್ಮೆ ಕೇಳಿದರು. ಬುಷ್ಷು ಕಳಪೆ ಮಾಲು ಎಂದು ಅಪ್ಪ ಸುಮ್ಮನಾಗಿಸಿದರು.

ಆಮೇಲೆ ಆಗಬಾರದ್ದು ಆಯಿತು. ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳನ್ನು ಕೂರಿಸಿಕೊಂಡು ಜವರಪ್ಪ ಹಾಸನಕ್ಕೆ ಹೊರಟಿದ್ದರು. ಗೊರೂರಿನ ಹತ್ತಿರ ಗೇರು ಬೀಳದೆ ಜೀಪು ನಿಂತುಹೋಯಿತು. ಯಾವುದೋ ಮರಳಿನ ಲಾರಿಯವರು ಆಕೆಯನ್ನು ಹತ್ತಿಸಿಕೊಂಡು ಹೋದರು. ಆಸ್ಪತ್ರೆಯ ಬಾಗಿಲಲ್ಲೇ ಹೆರಿಗೆಯಾಯಿತು. ತಾಯಿ ಮಗು ಉಳಿದರು, ಅದು ದೇವರ ದಯೆ. ಆದರೆ ಮಾತು ಉಳಿಯಿತಲ್ಲ. ಯಾವ ಶೆಡ್ಡಿನಲ್ಲಿ ಕಟ್ಟಿದ ಜೀಪು ಅದು ಎಂದು ಚಹಾ ಅಂಗಡಿಗಳಲ್ಲಿ ಜನ ಕೇಳತೊಡಗಿದರು. ಖಾಯಂ ಬರುತ್ತಿದ್ದ ಗಾಡಿಗಳು ನಮ್ಮ ಶೆಡ್ಡು ದಾಟಿ ಚನ್ನರಾಯಪಟ್ಟಣದ ಕಡೆ ಹೋದವು. ಜವರಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಎಳೆಸಿ ತಂದು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದ್ದ ಆ ಜೀಪಿನ ಕಡೆ ನೋಡದಂತೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದರು. ಒಂದು ಮಧ್ಯಾಹ್ನ, ಅನ್ನ ಕಲಸುತ್ತಾ, ಶೆಡ್ಡು ಮುಚ್ಚಿ ಲಾರಿ ಓಡಿಸಲು ಹೋಗುತ್ತೇನೆಂದರು. ಅಜ್ಜಿ ಕಣ್ಣೊರೆಸಿಕೊಂಡರು. ಅವ್ವ ಸಾರಿನ ಸೌಟು ಕೆಳಗಿಟ್ಟರು.

“ಓಗೋದಿದ್ರೆ ಓಗಿ. ಅದ್ಕೂ ಮುಂಚೆ ಇನ್ನೊಂದ್ಸಲ ಬಿಚ್ಚಿ. ಈ ಸಲ ನಾನು ಅಳೀತೀನಿ.”

ಅಪ್ಪ ಕಲಸಿದ ಅನ್ನವನ್ನು ಉಂಡು ಮುಗಿಸಿದರು. ಆಮೇಲೆ ಎದ್ದು ಕೈ ತೊಳೆದು ಸ್ಪ್ಯಾನರ್ ಪೆಟ್ಟಿಗೆ ತೆಗೆದರು. ಅಜ್ಜಿ ಬಾಗಿಲಲ್ಲೇ ಕುಳಿತಿದ್ದರೂ ಅವತ್ತು ಅವ್ವನನ್ನು ತಡೆಯಲಿಲ್ಲ.

ಗೇರ್ ಬಾಕ್ಸು ಇಳಿಯಿತು. ಬೆಲ್ ಹೌಸಿಂಗನ್ನು ಮಾತ್ರ ಎಂಜಿನ್ನಿನ ಮೇಲೆಯೇ ಬಿಟ್ಟರು. ಅದರ ನಡುವೆ ದೊಡ್ಡ ದುಂಡನೆಯ ಕಿಂಡಿ. ಗೇರ್ ಬಾಕ್ಸಿನ ಮೂಗು ಆ ಕಿಂಡಿಯಲ್ಲಿ ಕೂರುತ್ತದೆ. ಕಿಂಡಿಯ ನಡುಮಧ್ಯವೂ ಎಂಜಿನ್ನು ತಿರುಗುವ ನಡುಮಧ್ಯವೂ ಒಂದೇ ಆಗಿರಬೇಕು. ಅವ್ವ ಒಂದು ಸೈಕಲ್ ಕಡ್ಡಿಯನ್ನು ಬಗ್ಗಿಸಿ ಎಂಜಿನ್ನಿನ ಹಿಂದೆ ತಿರುಗುವ ಫ್ಲೈವ್ಹೀಲ್ ಚಕ್ರಕ್ಕೆ ಬಿಗಿದರು, ಅದರ ತುದಿ ಕಿಂಡಿಯ ಅಂಚಿಗೆ ಇನ್ನೇನು ತಾಗಬೇಕು ಎನ್ನುವ ಹಾಗೆ. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿಟ್ಟಿದ್ದರಿಂದ ಎಂಜಿನ್ನು ಹಗುರವಾಗಿ ತಿರುಗುತ್ತಿತ್ತು. ಮುಂದೆ ನಿಂತು ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸುವ ಕೆಲಸ ನನ್ನದು. ಅವ್ವ ನಿಲ್ಲು ಎಂದ ಕಡೆ ನಿಲ್ಲಿಸಬೇಕು. ನಿಲ್ಲಿಸಿದಾಗೆಲ್ಲ ಅವ್ವ ಕಡ್ಡಿಗೂ ಅಂಚಿಗೂ ನಡುವೆ ಗಡ್ಡ ಕೆರೆಯುವ ಬ್ಲೇಡು ತೂರಿಸಿ ನೋಡುತ್ತಿದ್ದರು. ಎಡಗಡೆ ಬ್ಲೇಡು ಸಲೀಸಾಗಿ ಹೋಯಿತು, ಇನ್ನೂ ಒಂದಕ್ಕೆ ಜಾಗವಿತ್ತು. ಬಲಗಡೆ ಬಂದಾಗ ಕಡ್ಡಿಯೇ ಅಂಚನ್ನು ಕೆರೆಯಿತು. ಕರ್ರೆಂಬ ಆ ಸಣ್ಣ ಸದ್ದು ಕೇಳಿ ಅಪ್ಪ ಅಡಿಯಿಂದ ತೆವಳಿ ಬಂದರು. ಅವ್ವ ಬ್ಲೇಡನ್ನು ಅವರ ಕೈಗೆ ಕೊಟ್ಟರು. ಅಪ್ಪ ತಾವೇ ಎರಡು ಕಡೆಯೂ ತೂರಿಸಿ ನೋಡಿದರು. ಕವಚವೇ ಒಂದು ಮಗ್ಗುಲಿಗೆ ಸರಿದು ಕೂತಿತ್ತು. ಅದನ್ನು ಅದರ ಜಾಗದಲ್ಲಿ ಹಿಡಿದಿಡಬೇಕಾದ ಎರಡು ಪಿನ್ನುಗಳ ತೂತುಗಳು ಹಿಗ್ಗಿ ಹೋಗಿದ್ದವು. ಅಷ್ಟು ದಿನ ಗೇರ್ ಬಾಕ್ಸಿನ ಶಾಫ್ಟು ಸೊಟ್ಟಗೆ ನಿಂತು ಬುಷ್ಷನ್ನು ತಿನ್ನುತ್ತಿತ್ತು. ಅಪ್ಪ ನೆಲದಲ್ಲೇ ಕೂತುಬಿಟ್ಟರು. ಅವರ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಬಹಳ ದಿನದ ಮೇಲೆ ನಿದ್ದೆ ಬಂದವರ ಹಾಗೆ ಕಾಣುತ್ತಿದ್ದರು.

ಮುಂದಿನದೆಲ್ಲ ಅವ್ವನ ಮಾತಿನಂತೆ ನಡೆಯಿತು. ಬೋಲ್ಟು ಸಡಿಲಿಸಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುವುದು, ಎಂಜಿನ್ನು ತಿರುಗಿಸಿ ಬ್ಲೇಡು ತೂರಿಸುವುದು, ಮತ್ತೆ ತಟ್ಟುವುದು. ಸುತ್ತಲೂ ಒಂದೇ ಸಮ ಬರುವವರೆಗೆ ಅವ್ವ ಬಿಡಲಿಲ್ಲ. ಸರಿಬಂದ ಮೇಲೆ ಬೋಲ್ಟು ಬಿಗಿದು, ತೂತುಗಳನ್ನು ಹೊಸದಾಗಿ ಕೊರೆದರು. ಅಪ್ಪ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಲೇತಿನಲ್ಲಿ ಆ ಅಳತೆಗೆ ಎರಡು ಪಿನ್ನು ಕಡೆಸಿ ತಂದರು. ಹಳೆಯ ಶಾಫ್ಟೊಂದನ್ನು ತೂರಿಸಿ ಕ್ಲಚ್ ಪ್ಲೇಟನ್ನು ನಡುವಿಗೆ ತಂದು ಬಿಗಿದಾಯಿತು. ಉಳಿದದ್ದು ಗೇರ್ ಬಾಕ್ಸು ಏರಿಸುವುದು. ಅಪ್ಪ ಜೀಪಿನ ಅಡಿ ಅಂಗಾತ ಮಲಗಿ, ಜಾಕಿನ ಮೇಲೆ ಕೂರಿಸಿದ ಗೇರ್ ಬಾಕ್ಸನ್ನು ಎರಡೂ ಕೈಯಲ್ಲಿ ಆನಿಸಿಕೊಂಡರು. ಅವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಜೀಪಿನ ನೆಲದ ತಗಡು ತೆಗೆದ ಜಾಗದಲ್ಲಿ ಮಂಡಿಯೂರಿ ಕೂತು, ಬಗ್ಗಿ ನೋಡುತ್ತಾ ಹೇಳುತ್ತಿದ್ದರು. ವಸಿ ಮೇಲಕ್ಕೆ, ವಸಿ ಎಡಕ್ಕೆ. ಶಾಫ್ಟು ಪ್ಲೇಟಿನೊಳಗೆ ನುಗ್ಗಿತು. ಇನ್ನೊಂದು ಬೆರಳಗಲ ಉಳಿದಿದೆ ಎನ್ನುವಾಗ ನಿಂತುಬಿಟ್ಟಿತು. ಅಭ್ಯಾಸಬಲ, ಅಪ್ಪನ ಕೈ ಬೋಲ್ಟಿನ ಕಡೆ ಹೋಯಿತು. ಬೋಲ್ಟು ಬಿಗಿದು ಎಳೆದರೆ ಬರುತ್ತದೆ, ಮೊದಲ ಸಲವೂ ಅವರು ಹಾಗೇ ಮಾಡಿದ್ದು.

“ಬೋಲ್ಟ್ ಮುಟ್ಬ್ಯಾಡಿ” ಎಂದರು ಅವ್ವ. ದನಿ ಏರಿರಲಿಲ್ಲ. “ಇಂದಕ್ಕೆ ಎಳ್ಕಳಿ. ಅದು ತಾನಾಗೇ ಓಗಿ ಕೂತ್ಕಬೇಕು.”

ಅಪ್ಪ ಬೋಲ್ಟು ಬಿಟ್ಟರು. ಇಡೀ ಭಾರವನ್ನು ಹಿಂದಕ್ಕೆಳೆದು ಉಸಿರು ತೆಗೆದುಕೊಂಡರು. ಅವ್ವ ಮೇಲಿನಿಂದ ಕೈ ಇಳಿಸಿ ಗೇರ್ ಬಾಕ್ಸಿನ ಹಿಂಬದಿಯನ್ನು ಇಷ್ಟೇ ಇಷ್ಟು ತಿರುಗಿಸಿದರು. ಈಗ ತಳ್ಳಿ ಎಂದರು. ಏನೂ ಬಲ ಬೇಕಾಗಲಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಳಿದ ಹಾಗೆ ಗೇರ್ ಬಾಕ್ಸು ಸರಿದು ಹೋಗಿ, ಟಕ್ಕೆಂದು ಕವಚಕ್ಕೆ ಅಂಟಿ ಕೂತಿತು. ಸುತ್ತ ಎಲ್ಲೂ ಒಂದು ಬ್ಲೇಡು ತೂರುವಷ್ಟು ಸಂದಿಯಿಲ್ಲ. ಅಪ್ಪ ಅಡಿಯಿಂದ ನಕ್ಕದ್ದು ಕೇಳಿಸಿತು. ನಾನು ಸ್ಪ್ಯಾನರ್ ಹಿಡಿದುಕೊಂಡೇ ಕುಣಿದೆ.

ಮರುದಿನ ಬೆಳಿಗ್ಗೆ ಜವರಪ್ಪ ಬಂದು ಜೀಪು ಚಾಲೂ ಮಾಡಿದರು. ಪರೀಕ್ಷೆಗೆಂದು ಅಪ್ಪ, ಅವ್ವ, ನಾನು ಜೊತೆಗೆ ಹೊರಟಾಗ, ಯಾರೂ ಕರೆಯದೆ ಅಜ್ಜಿಯೂ ಹಿಂದಿನ ಸೀಟು ಹತ್ತಿ ಕೂತರು. ಅರಕಲಗೂಡಿನ ರಸ್ತೆಯಲ್ಲಿ ಭತ್ತದ ಗದ್ದೆಗಳ ಪಕ್ಕ, ನಾಲೆಯ ಏರಿ ಹತ್ತಿ ಇಳಿದು ಜೀಪು ಓಡಿತು. ಜವರಪ್ಪ ಬೇಕೆಂದೇ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದರು. ಗೇರಿನ ಕೋಲಿನಿಂದ ಕೈ ತೆಗೆದು ತಗ್ಗುದಿಣ್ಣೆಯಲ್ಲಿ ಓಡಿಸಿದರು. ಗೇರು ಕಳಚಲಿಲ್ಲ, ನಡುಕವಿಲ್ಲ. ಚಹಾ ಅಂಗಡಿಯೊಂದರ ಮುಂದೆ ನಿಲ್ಲಿಸಿ, ಅಲ್ಲಿದ್ದ ಡ್ರೈವರುಗಳೆಲ್ಲ ಕೇಳುವ ಹಾಗೆ ಜವರಪ್ಪ ಅಪ್ಪನ ಕೈಗುಣವನ್ನು ಹೊಗಳಿದರು. ಅಪ್ಪ ಸುಮ್ಮನಿದ್ದಿದ್ದರೆ ಹೋಗಿದ್ದ ಹೆಸರೆಲ್ಲ ಅಲ್ಲೇ ವಾಪಸು ಬರುತ್ತಿತ್ತು.

“ಕೂಡ್ಸಿದ್ದು ನಾನಲ್ಲ ಕಣಪ್ಪ ಜವರ” ಎಂದರು ಅಪ್ಪ. “ತಪ್ಪು ಇಡ್ದಿದ್ದೂ ಅವ್ಳೇ, ಅಳ್ದು ಕೂಡ್ಸಿದ್ದೂ ಅವ್ಳೇ, ನಮ್ ಚನ್ನಾಜಿ. ನಾನು ಕೆಳ್ಗಡೆ ಮಲಗಿ ಬಾರ ಒತ್ಕಂಡಿದ್ದೆ, ಅಷ್ಟೆಯ.”

ಚಹಾ ಲೋಟ ಹಿಡಿದವರೆಲ್ಲ ಜೀಪಿನ ಕಡೆ ತಿರುಗಿದರು. ಅವ್ವ ಸೆರಗು ಎಳೆದುಕೊಂಡು ಗದ್ದೆಯ ಕಡೆ ನೋಡುತ್ತಿದ್ದರು. ಅಜ್ಜಿ ಮಾತ್ರ ನೆಟ್ಟಗೆ ಕೂತು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದರು, ಏನಾದರೂ ಅನ್ನಿ ನೋಡೋಣ ಎಂಬಂತೆ. ಒಬ್ಬ ಡ್ರೈವರು ಹತ್ತಿರ ಬಂದು, ತನ್ನ ಗಾಡಿಯ ಕ್ಲಚ್ಚೂ ಹೀಗೇ ನಡುಗುತ್ತದೆ, ಅಕ್ಕ ಒಂದು ಸಲ ನೋಡಿಯಾರೇ ಎಂದು ಕೇಳಿದ. ಅಜ್ಜಿಯೇ ಉತ್ತರ ಕೊಟ್ಟರು: ತಂದು ಬಿಡಲಿ, ನೋಡುತ್ತಾಳೆ.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಹೋಗಿದ್ದ ಗಾಡಿಗಳು ಚನ್ನರಾಯಪಟ್ಟಣದಿಂದ ತಿರುಗಿ ಬಂದವು, ಜೊತೆಗೆ ಅಲ್ಲಿಯವೂ ಬಂದವು. ಬಂದವರು ಅಕ್ಕ ಇದಾರಾ ಎಂದು ಕೇಳುತ್ತಿದ್ದರು. ಅವ್ವ ಗಾಡಿ ಕೆಳಗಿದ್ದರೆ ಅಜ್ಜಿ ಬೆಂಚು ತೋರಿಸಿ ಕೂರಿಸಿ, ತಾವೇ ಕಾಫಿ ಇಟ್ಟುಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತು ಅಪ್ಪ ಅವ್ವ ಒಂದೇ ಬಟ್ಟಲ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮರದ ಹೊಟ್ಟಿನಲ್ಲಿ ಉಜ್ಜಿಕೊಂಡು, ಪಕ್ಕಪಕ್ಕ ಕೂತು ಉಣ್ಣುತ್ತಿದ್ದರು. ಉಣ್ಣುವಾಗಲೂ ಯಾವುದೋ ಬೇರಿಂಗಿನದೇ ಮಾತು. ಲೋಕದಲ್ಲಿ ಎಲ್ಲರ ತಂದೆ ತಾಯಿಯರೂ ಹೀಗೇ ಇರುತ್ತಾರೆ ಎಂದು ನಾನು ನಂಬಿದ್ದೆ.

ಈಗ ಅದ್ಯಾವುದೂ ಇಲ್ಲ. ಮೊದಲು ಅಜ್ಜಿ ಹೋದರು, ಆಮೇಲೆ ಅಪ್ಪ. ರಸ್ತೆ ಅಗಲವಾದಾಗ ಶೆಡ್ಡು ಹೋಯಿತು. ಉಳಿದ ಜಾಗದಲ್ಲಿ ಮೊಬೈಲು ಅಂಗಡಿ, ಬೇಕರಿ ಎದ್ದಿವೆ. ಬೇಕರಿಯ ಒಲೆ ಇರುವ ಕಡೆ ನಮ್ಮ ಅಡುಗೆಮನೆ ಇತ್ತೆಂದು ಹೇಳಿದರೆ ಅಲ್ಲಿಯ ಹುಡುಗ ನಕ್ಕು ಬನ್ನು ಕಟ್ಟಿಕೊಡುತ್ತಾನೆ. ಅವ್ವ ಕಡೆಯ ಕೆಲವು ವರ್ಷ ಹಾಸನದಲ್ಲಿ ನನ್ನ ಜೊತೆಗಿದ್ದರು. ವರಾಂಡದಲ್ಲಿ ಕೂತು ಬೀದಿಯ ಆಟೋಗಳ ಸದ್ದು ಕೇಳುತ್ತಿದ್ದರು. ಹೋದ ಮಾಗಿಯಲ್ಲಿ ಅವರೂ ಹೋದರು.

ಹನ್ನೊಂದರ ಕಾರ್ಯ ಮುಗಿದ ಮೇಲೆ ಊರಿನ ಕಡೆ ಹೋಗಿದ್ದೆ. ಹೊಳೆನರಸೀಪುರದ ಟ್ಯಾಕ್ಸಿ ನಿಲ್ದಾಣದ ಹತ್ತಿರ ಡ್ರೈವರುಗಳು ಸೇರಿ ಅವ್ವನ ಭಾವಚಿತ್ರದ ಫ್ಲೆಕ್ಸು ಹಾಕಿಸಿದ್ದರು. ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ಮುಖ. ಪಕ್ಕದಲ್ಲಿ ಎರಡು ದೀಪದ ಚಿತ್ರ. ಇಂಥವರ ಧರ್ಮಪತ್ನಿ ಎಂದು ಬರೆದಿರಲಿಲ್ಲ, ಇಂಥವರ ತಾಯಿ ಎಂದೂ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ‘ಮೆಕ್ಯಾನಿಕ್ ಚನ್ನಾಜಮ್ಮನವರು’ ಎಂದಷ್ಟೇ ಇತ್ತು. ನಾನು ಅದರ ಎದುರಿಗಿನ ಕಟ್ಟೆಯಲ್ಲಿ ಕೂತೆ. ಹಾಸನದ ಬಸ್ಸು ಬಂದು ಹೋಯಿತು. ಇನ್ನೊಂದು ಬರಲಿ ಎಂದು ಕೂತೇ ಇದ್ದೆ.