ಪೈಲವಾನನ ಬೇರೆ ತಾಟು

ಮೊನ್ನೆ ಡಾಕ್ಟರರು ಪರೀಕ್ಷೆ ಮಾಡಿ, "ಅಜ್ಜಾರ, ನಿಮಗ ಪೊಟ್ಯಾಶಿಯಂ ಕಡಿಮಿ ಆಗೇತ್ರಿ. ಬಾಳಿಹಣ್ಣು, ತಪ್ಪಲಪಲ್ಯ, ಕಾಳು ತಿನ್ರಿ" ಅಂದಾಗ ನಾನು ಗಹಗಹಿಸಿ ನಕ್ಕುಬಿಟ್ಟೆ. ಹೆಸರು ಹೊಸದು, ಅಷ್ಟೇ. ಅದು ಕಡಿಮೆಯಾದರೆ ಏನಾಗುತ್ತದೆಂದು ಸಂಸ್ಥಾನದ ಕಾಲದಲ್ಲೇ ಅನುಭವಿಸಿದವನು ನಾನು!

ರಬಕವಿಯ ನೇಕಾರರ ಮನೆ ನಮ್ಮದು. ಹಗಲೆಲ್ಲ ಮಗ್ಗ, ಸಂಜೆಗೆ ಗರಡಿ. ನಾನು ಲಂಗೋಟಿ ಕಟ್ಟಿದ ದಿನವೇ ಅವ್ವ ನನ್ನ ತಾಟು ಬೇರೆ ಮಾಡಿದಳು. ಪೈಲವಾನನ ಊಟವೆಂದರೆ ನಮ್ಮಲ್ಲಿ ಮಡಿಯಿದ್ದ ಹಾಗೆ. ಮನೆಮಂದಿಗೆ ರೊಟ್ಟಿ, ಹುರುಳಿ ಬೇಯಿಸಿದ ಕಟ್ಟು, ಹಸಿ ಹಕ್ಕರಿಕೆ ಸೊಪ್ಪು. ನನಗೆ ಮಾತ್ರ ಗೋಧಿರವೆಯ ಸಿಹಿ ಸಜ್ಜಕ, ಮೇಲೆ ತುಪ್ಪ, ಅದೂ ಒಬ್ಬನೇ ಕೂತು ಉಣ್ಣಬೇಕು. ಕೈ ಸೊಪ್ಪಿನತ್ತ ಹೋದರೆ ಅವ್ವ ತಟ್ಟಿಬಿಡುತ್ತಿದ್ದಳು.

"ತಪ್ಪಲಾ ತಿಂದ್ರ ಮೈ ಸಡಲ ಆಕ್ಕೈತಿ. ದನಾ ತಿನ್ನೂದು ನಿನಗ್ಯಾಕ?"

ಮೈ ಬಂತು, ಸುಳ್ಳಲ್ಲ. ಆದರೆ ಕುಸ್ತಿಗೆ ಜೋರು ಹತ್ತುವ ಹೊತ್ತಿಗೆ ಮೀನಖಂಡ ಸೆಟೆದು ಗಂಟಾಗುತ್ತಿತ್ತು. ಬನಹಟ್ಟಿಯಲ್ಲಿ ಗೆಲ್ಲುವ ಕುಸ್ತಿಯನ್ನು ಕಾಲು ಹಿಡಿದುಕೊಂಡು ಸೋತೆ. ಜಮಖಂಡಿಯಲ್ಲಂತೂ ಎದುರಾಳಿ ಸರಿಯಾಗಿ ಮುಟ್ಟುವ ಮೊದಲೇ ಮಣ್ಣಲ್ಲಿ ಹೊರಳಾಡಿದೆ. ಗರಡಿಯ ಗುರುಗಳಾದ ವಸ್ತಾದರು ಖಡಾಖಂಡಿತವಾಗಿ ಹೇಳಿದರು.

"ಮುಧೋಳದ ಕುಸ್ತಿ ಒಂದ ನೋಡತೀನಿ. ಅಲ್ಲೂ ಕಾಲು ಹಿಡೀತಂದ್ರ ಗರಡಿ ಕಡೆ ಬರಬ್ಯಾಡ. ಮಗ್ಗದಾಗ ಕುಂದ್ರು."

ಅವ್ವ ಹೆದರಿ ತುಪ್ಪ ಹೆಚ್ಚಿಸಿದಳು. ಅದೇ ತುಪ್ಪ ತಿಂದು ಸೋತು ಬಂದ ನನಗೆ ಸಿಟ್ಟು ನೆತ್ತಿಗೇರಿತು. ತಾಟು ಸರಿಸಿ, ಗಲಗಲಿಯ ಅಕ್ಕನ ಮನೆಗೆ ಹೊರಟೇಬಿಟ್ಟೆ. ಅಲ್ಲಿ ಸುಗ್ಗಿಯ ಗಡಿಬಿಡಿ. ಅಕ್ಕನಿಗೆ ಪೈಲವಾನನೂ ಒಂದೇ, ಆಳುಮಗನೂ ಒಂದೇ.

"ನಿನಗಂತ ಬ್ಯಾರೆ ಒಲಿ ಹಚ್ಚಾಕ ಪುರಸೊತ್ತಿಲ್ಲ ನನಗ. ಇದ್ದದ್ದು ಉಣ್ಣು, ಇಲ್ಲಾಂದ್ರ ಎದ್ದು ಹೋಗು."

ಉಂಡೆ ನೋಡಿ, ಬರಗೆಟ್ಟವನಂತೆ ಉಂಡೆ! ಹುರುಳಿಕಟ್ಟನ್ನು ಬಟ್ಟಲೆತ್ತಿ ಕುಡಿದೆ. ಹಕ್ಕರಿಕೆ ಹಿಡಿಗಟ್ಟಲೆ ಮೆದ್ದೆ. ಕೆಂಡದಲ್ಲಿ ಸುಟ್ಟ ಗೆಣಸು, ಹೊಳೆದಂಡೆಯ ತೋಟದ ಬಾಳೆಹಣ್ಣು, ಯಾವುದನ್ನೂ ಬಿಡಲಿಲ್ಲ. ಮುಂಜಾನೆ ಕೃಷ್ಣೆಯ ಉಸುಕಿನಲ್ಲಿ ಓಡುತ್ತಿದ್ದೆ. ದಿನ ಕಳೆದಂತೆ ಕಾಲು ಹಗುರಾದವು. ಕುಸ್ತಿಯ ದಿನ ಅಲ್ಲಿಂದಲೇ ಮುಧೋಳಕ್ಕೆ ಹೋದೆ.

ಕಣದಲ್ಲಿ ಹಲಗೆವಾದ್ಯ ಬಡಿಯುತ್ತಿತ್ತು, ನನ್ನ ಎದೆಯೂ ಬಡಿಯುತ್ತಿತ್ತು. ಜೋಡಿ ಬಿದ್ದವನು ಹೋರಿಯಂಥ ಆಳು. ಹಿಡಿದ, ಕೆಡವಿದ, ಬೆನ್ನ ಮೇಲೆ ಕೂತ. ನನಗೆ ಅವನ ಪರಿವೆಯೇ ಇಲ್ಲ, ಧ್ಯಾನವೆಲ್ಲ ಮೀನಖಂಡದ ಮೇಲೆ. ಈಗ ಹಿಡಿಯುತ್ತದೆ, ಇನ್ನೇನು ಹಿಡಿಯುತ್ತದೆ... ಹಿಡಿಯಲೇ ಇಲ್ಲ! ಆ ಖುಷಿಗೇ ಒಮ್ಮೆಲೇ ಹೊರಳಿ ಅವನನ್ನು ಚಿತ್ ಮಾಡಿದೆ. ವಸ್ತಾದರು ತಲೆಯ ಪಟಕಾ ತೆಗೆದು ಮೇಲಕ್ಕೆ ತೂರಿದರು.

ಮನೆಗೆ ಓಡೋಡಿ ಬಂದವನೇ ಅಕ್ಕನ ಮನೆಯ ಊಟ, ಹಿಡಿಯದ ಕಾಲು, ಗೆದ್ದ ಕುಸ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಅವ್ವನ ಮುಂದೆ ಒದರಿದೆ. ಅವಳು ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಮೆಲ್ಲಗೆ ಗೋಡೆಗೆ ಆತು ಕುಳಿತಳು.

"ಹಂಗಾರ ಇಷ್ಟ ದಿನಾ ನಿನ್ನ ಕೆಡವಿದಾಕಿ ನಾನ ಏನೋ, ಮಗಾ?"

ನನ್ನ ಉಬ್ಬಿದ ಎದೆ ಇಳಿದುಹೋಯಿತು. ತನ್ನ ಬಾಯಿಗೆ ಹನಿ ತುಪ್ಪ ಹಾಕಿಕೊಳ್ಳದೆ ನನಗೆ ಸುರಿದವಳು ಅವಳು.

"ಹಸಿವ್ಯಾಗೇತಿ ಬೇ, ನೀಡು" ಅಂದೆ.

ಅವ್ವ ಕಣ್ಣೊರೆಸಿಕೊಂಡು ಎದ್ದಳು. ಎಲ್ಲರ ಗಡಿಗೆಯಿಂದಲೇ ನನಗೆ ಕಟ್ಟು ಬಗ್ಗಿಸಿದಳು, ತನಗೂ ನೀಡಿಕೊಂಡು ಪಕ್ಕದಲ್ಲಿ ಕುಳಿತಳು. ಪೈಲವಾನನಾದ ಮೇಲೆ ನಾನು ಅವ್ವನ ಜೊತೆ ಕೂತು ಉಂಡದ್ದು ಅದೇ ಮೊದಲು.